ಇನ್ನೊಂದ್ಸಲ

ಬಸ್ಸು ಆರು ಸ್ಟಾಪು ದಾಟಿದ ಮೇಲೆ ಲಿಫ್ಟ್ ಮೇಸ್ತ್ರಿ ಎದ್ದುನಿಂತ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಮಧ್ಯಾಹ್ನವಾದ್ದರಿಂದ ಜನವೂ ಇರಲಿಲ್ಲ, ಇಳಿಯಬೇಕಾದ ಜಾಗಕ್ಕೆ ಇನ್ನೂ ಅರ್ಧ ದಾರಿಯಿತ್ತು. ಆದರೂ ಕೈ ತಾನಾಗಿಯೇ ಮೇಲಿನ ಕಂಬಿ ಹಿಡಿದಿತ್ತು. ಈಗಷ್ಟೇ ಸರ್ವೀಸ್ ಮಾಡಿ ಬಂದ ಆ ಎಂಟು ಮಹಡಿಯ ಕಟ್ಟಡದ ಲಿಫ್ಟಿನಲ್ಲಿ ಬ್ರೇಕಿನ ನಟ್ಟು ಬಿಗಿ ಮಾಡಿದೆನೋ ಇಲ್ಲವೋ? ಮಾಡಿದ್ದ. ಮಾಡಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ತಾರಸಿಯ ಮೆಷಿನ್ ರೂಮಿನ ಮಬ್ಬು ಬೆಳಕು, ಗ್ರೀಸಿನ ವಾಸನೆ, ಸ್ಪ್ಯಾನರು ಮುಕ್ಕಾಲು ಸುತ್ತು ತಿರುಗಿ ಗಟ್ಟಿಯಾಗಿ ನಿಂತಾಗ ಮೊಣಕೈಗೆ ಬಂದ ಸಣ್ಣ ಹೊಡೆತ. ಆದರೆ ಆ ಚಿತ್ರ ಇವತ್ತಿನದೋ, ಹೋದ ತಿಂಗಳಿನದೋ? ಇಪ್ಪತ್ತೆರಡು ವರ್ಷದಿಂದ ಅದೇ ಕೈ, ಅದೇ ನಟ್ಟು, ಅದೇ ಮುಕ್ಕಾಲು ಸುತ್ತು. ಸಾವಿರ ಸಲ ಮಾಡಿದ್ದರಲ್ಲಿ ಇವತ್ತಿನದನ್ನು ಬೇರೆಯಾಗಿ ಎತ್ತಿ ತೋರಿಸು ಎಂದರೆ ಯಾರು ತೋರಿಸಿಯಾರು? ನಟ್ಟಿನ ಮೇಲೆ ಹಳದಿ ಸೀಮೆಸುಣ್ಣದಲ್ಲಿ ಗೆರೆ ಎಳೆದ ನೆನಪಿತ್ತು. ಇದೇ ಕಾರಣಕ್ಕೆಂದು ಅವನೇ ಮಾಡಿಕೊಂಡಿದ್ದ ಅಭ್ಯಾಸ ಅದು. ನಟ್ಟಿನ ನೆತ್ತಿಯಿಂದ ಕೆಳಗಿನ ಕಬ್ಬಿಣದ ತನಕ ಒಂದೇ ಗೆರೆ, ನಟ್ಟು ಕದಲಿದರೆ ಗೆರೆ ಮುರಿಯುತ್ತದೆ. ಈಗ ಗೆರೆಯ ನೆನಪಿನ ಮೇಲೂ ನಂಬಿಕೆ ಹೋಗಿತ್ತು. ಕಂಡಕ್ಟರ್ ಅವನ ಮುಖವನ್ನೂ ಕೈಲಿದ್ದ ಟಿಕೇಟನ್ನೂ ನೋಡಿ, "ನಿಮ್ಮ ಸ್ಟಾಪು ಇದಲ್ಲವಲ್ಲ?" ಎಂದ. "ಇಲ್ಲೇ," ಎಂದು ಮೇಸ್ತ್ರಿ ಇಳಿದುಬಿಟ್ಟ. ಇವನಿಗೆ ನನ್ನ ಟಿಕೇಟಿನ ಉಸಾಬರಿ ಯಾಕೆ ಎಂಬ ಅನುಮಾನ ವಾಪಸು ಹೋಗುವ ಬಸ್ಸು ಬರುವ ತನಕ ತಲೆಯಲ್ಲಿ ತಿರುಗುತ್ತಿತ್ತು.

ಕಟ್ಟಡದ ವಾಚ್‌ಮನ್ ಕುರ್ಚಿಯಿಂದ ಏಳಲೂ ಇಲ್ಲ. "ಮತ್ತೆ ಸ್ಪ್ಯಾನರಾ, ಮೇಸ್ತ್ರಿ?" ಎಂದು ಕೇಳಿದ. ಹೌದು, ಹೋದ ಸಲವೂ ಸ್ಪ್ಯಾನರು ಮರೆತಿದ್ದ, ಅದರ ಹಿಂದಿನ ಸಲ ಟಾರ್ಚು. ನಿಜ ಹೇಳಬೇಕೆಂದರೆ ಮರೆತಿರಲಿಲ್ಲ. ವಾಪಸು ಬರಲು ಒಂದು ನೆಪ ಇರಲಿ ಎಂದು ಏನಾದರೊಂದನ್ನು ಮೇಲೆಯೇ ಬಿಟ್ಟು ಬರುವುದನ್ನು ಕಲಿತಿದ್ದ. ಮೊದಮೊದಲು ಅದಕ್ಕೆ ನಾಚಿಕೆಯಾಗುತ್ತಿತ್ತು. ಈಗ ಬ್ಯಾಗು ಕಟ್ಟುವಾಗ ಯಾವುದನ್ನು ಬಿಡಲಿ ಎಂದು ಆರಿಸುವುದೂ ಕೆಲಸದ ಒಂದು ಭಾಗವೇ ಆಗಿಹೋಗಿತ್ತು. "ವಯಸ್ಸಾಯ್ತು ನೋಡಪ್ಪ," ಎಂದು ನಗಲು ನೋಡಿದ. ವಾಚ್‌ಮನ್ ನಗಲಿಲ್ಲ. ನಗದೆ ಇದ್ದದ್ದು ಯಾಕೆ?

ಲಿಫ್ಟಿನೊಳಗೆ ಆರನೆಯ ಮಹಡಿಯ ಸಂಗೀತದ ಟೀಚರು ಇದ್ದರು. ಎಪ್ಪತ್ತು ದಾಟಿದ ಹೆಂಗಸು, ತೆಳ್ಳಗಿನ ಮೈ, ಉಬ್ಬಸದ ಔಷಧಿಯ ಪಂಪನ್ನು ಪರ್ಸಿನ ಹಾಗೆ ಕೈಲೇ ಹಿಡಿದುಕೊಂಡು ಓಡಾಡುವವರು. ಬಾಗಿಲು ಮುಚ್ಚಿತು. ಎರಡನೆಯ ಮಹಡಿ ದಾಟುತ್ತಿದ್ದ ಹಾಗೆ ಅವನಿಗೆ ಅದು ಕೇಳಿಸಿತು. ಕರಕರ. ಒಣಗಿದ, ಸಣ್ಣ, ಬಿಟ್ಟು ಬಿಟ್ಟು ಬರುವ ಸದ್ದು. ಏಳೆಂಟು ತಿಂಗಳಿಂದ ಒಂದಲ್ಲ ಒಂದು ಕಟ್ಟಡದಲ್ಲಿ ಕೇಳುತ್ತಲೇ ಇದ್ದ. ಎಲ್ಲ ಕಳಚಿ ನೋಡಿದರೂ ಅದು ಹಗ್ಗದಲ್ಲೂ ಇರಲಿಲ್ಲ, ಚಕ್ರದಲ್ಲೂ ಇರಲಿಲ್ಲ. ನಿಮಗೂ ಕೇಳಿಸುತ್ತಿದೆಯೇ ಎಂದು ಟೀಚರನ್ನು ಕೇಳಬೇಕೆನಿಸಿತು. ಇಲ್ಲವೆಂದರೆ? ಹೌದೆಂದರೆ? ಎರಡೂ ಉತ್ತರಕ್ಕೆ ಅಂಜಿ ಬಾಯಿ ಮುಚ್ಚಿಕೊಂಡ. ಟೀಚರೇ ಮಾತಾಡಿದರು. "ನಿಮ್ಮ ಕಂಪನಿಯವರು ಈಗ ತಾನೇ ಇಳಿದು ಹೋದ್ರು. ಸೀಟಿ ಹೊಡ್ಕೊಂಡು. ದೇವರೇ, ಒಂದು ಸ್ವರಾನೂ ಜಾಗದಲ್ಲಿ ನಿಲ್ಲಲ್ಲ ಅವರಿಗೆ!" ಲಿಫ್ಟು ಆರರಲ್ಲಿ ನಿಂತಿತು, ಅವರು ಇಳಿದು ಹೋದರು. ಮೇಸ್ತ್ರಿ ಮೇಲಿನ ತನಕ ಒಬ್ಬನೇ ಹೋದ. ಮೆಷಿನ್ ರೂಮಿನ ಬೀಗ ತೆಗೆದು, ಟಾರ್ಚು ಹಾಕಿ, ಬ್ರೇಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಹಳದಿ ಗೆರೆ ಇತ್ತು. ಮುರಿದಿರಲಿಲ್ಲ. ಅದರ ಪಕ್ಕದಲ್ಲೇ, ಒಂದು ಬೆರಳಿನ ಅಂತರದಲ್ಲಿ, ನೀಲಿ ಸೀಮೆಸುಣ್ಣದ ಇನ್ನೊಂದು ಗೆರೆ ಇತ್ತು.

ಕಂಪನಿಯಲ್ಲಿ ಸೀಟಿ ಹೊಡೆಯುವವನು ಒಬ್ಬನೇ, ಎಲ್ಲರೂ ಅವನನ್ನು ಕರೆಯುವುದೇ ಸೀಟಿ ಎಂದು. ಹನ್ನೆರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಸ್ಕ್ರೂಡ್ರೈವರನ್ನು ಪೆನ್ನಿನ ಹಾಗೆ ಹಿಡಿಯುತ್ತಿದ್ದವನು. ಅವನಿಗೆ ಕೆಲಸ ಕಲಿಸಿದ್ದು ಮೇಸ್ತ್ರಿಯೇ. ಗೆರೆ ಎಳೆಯುವುದನ್ನು ಹೇಳಿಕೊಟ್ಟವನೂ ಮೇಸ್ತ್ರಿಯೇ. ಈಗ ಆ ಶಿಷ್ಯ ಮೇಸ್ತ್ರಿಯ ಬೆನ್ನ ಹಿಂದೆ ಬಂದು, ಮೇಸ್ತ್ರಿ ಬಿಗಿ ಮಾಡಿದ ನಟ್ಟಿನ ಮೇಲೆ ತನ್ನ ಗುರುತು ಹಾಕಿ ಹೋಗುತ್ತಿದ್ದಾನೆ. ಯಾಕೆ? ಆ ವಾರವೆಲ್ಲ ಮೇಸ್ತ್ರಿ ತಾನು ಸರ್ವೀಸ್ ಮಾಡಿದ್ದ ಹಳೆಯ ಕಟ್ಟಡಗಳಿಗೆಲ್ಲ ಒಂದೊಂದು ಸುಳ್ಳು ಹೇಳಿಕೊಂಡು ಹೋದ. ಆಸ್ಪತ್ರೆಯ ಲಿಫ್ಟಿನಲ್ಲಿ ನೀಲಿ ಗೆರೆ. ಬಟ್ಟೆ ಅಂಗಡಿಯಲ್ಲಿ ನೀಲಿ ಗೆರೆ. ಐದು ಮಹಡಿಯ ಕಚೇರಿಯಲ್ಲಿ ಒಂದರ ಪಕ್ಕ ಒಂದು ಮೂರು ನೀಲಿ ಗೆರೆ, ತಿಂಗಳ ಸರ್ವೀಸಿಗೊಂದು, ಅಂದರೆ ಮೂರು ತಿಂಗಳಿಂದ. ತನ್ನ ಹಳದಿಯನ್ನಷ್ಟೇ ಹುಡುಕುವ ಕಣ್ಣಿಗೆ ಅವು ಇಷ್ಟು ದಿನ ಬಿದ್ದಿರಲೇ ಇಲ್ಲ. ಯಾವುದೋ ಒಂದು ದಿನ ಒಂದು ಲಿಫ್ಟು ಕೆಡಬೇಕು, ತಪ್ಪು ಇವನದೇ ಎಂದು ಬೆರಳು ತೋರಿಸಬೇಕು, ಅದಕ್ಕೆ ಸಾಕ್ಷಿ ಸಿದ್ಧವಾಗುತ್ತಿದೆ. ಇಪ್ಪತ್ತೆರಡು ವರ್ಷದಲ್ಲಿ ಅವನು ನೋಡಿಕೊಂಡ ಲಿಫ್ಟುಗಳಲ್ಲಿ ಒಬ್ಬರಿಗೂ ಒಂದು ತರಚು ಗಾಯ ಕೂಡ ಆಗಿರಲಿಲ್ಲ. ಬೇರೆ ಯಾರಿಗಾದರೂ ಅದು ಹೆಮ್ಮೆಯ ಮಾತಾಗುತ್ತಿತ್ತೇನೋ. ಅವನಿಗೆ ಮಾತ್ರ ಇಷ್ಟು ವರ್ಷ ಏನೂ ಆಗಿಲ್ಲ ಎಂಬುದೇ, ಆಗಬೇಕಾದ್ದು ಎಲ್ಲೋ ಹೊಂಚು ಹಾಕಿ ಕೂತಿದೆ ಎಂಬುದಕ್ಕೆ ಪುರಾವೆಯಾಗಿ ಕಾಣುತ್ತಿತ್ತು.

ಚಿಕ್ಕವನಿದ್ದಾಗ ಒಮ್ಮೆ ಮನೆಯ ಗೇಟಿನ ಚಿಲಕ ಹಾಕುವುದನ್ನು ಮರೆತಿದ್ದ. ಆಗಷ್ಟೇ ನಡೆಯಲು ಕಲಿತಿದ್ದ ತಂಗಿ ಬೀದಿಗೆ ಹೋಗಿಬಿಟ್ಟಿದ್ದಳು. ಪಕ್ಕದ ಮನೆಯವರು ಎತ್ತಿಕೊಂಡು ಬಂದು, "ನಿಮ್ಮ ರಾಣಿ ಊರು ಸುತ್ತೋಕೆ ಹೊರಟಿದ್ಲು," ಎಂದು ನಗುತ್ತ ಒಪ್ಪಿಸಿದರು. ಅಮ್ಮನೂ ನಕ್ಕಳು. ಯಾರು ಚಿಲಕ ಹಾಕಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅವನು ಬಾಗಿಲ ಹಿಂದೆ ನಿಂತು ಅಪ್ಪ ಬರುವುದನ್ನು ಕಾದ. ಅಪ್ಪ ಬಂದರು, ಕೈಕಾಲು ತೊಳೆದರು, ಊಟ ಮಾಡಿದರು, ಮಲಗಿದರು. ಬೆನ್ನಿಗೆ ಬೀಳಬೇಕಾದ ಏಟು ಅವತ್ತು ಬೀಳಲಿಲ್ಲ, ಮರುದಿನವೂ ಬೀಳಲಿಲ್ಲ. ಬಿದ್ದಿದ್ದರೆ ಅಲ್ಲಿಗೆ ಮುಗಿದು ಹೋಗುತ್ತಿತ್ತು.

ಕಂಪನಿಯ ಶೆಡ್ಡಿನಲ್ಲಿ ಟೀ ಹೊತ್ತಿಗೆ ಅವನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಮೊದಲಿಂದಲೂ ಹೀಗೆಯೇ ಇತ್ತೋ, ತಾನು ಈಗ ಗಮನಿಸುತ್ತಿದ್ದೇನೋ ಗೊತ್ತಾಗಲಿಲ್ಲ. ಶುಕ್ರವಾರ ಬೂಟಿನ ಲೇಸು ಕಟ್ಟಲು ಶೆಡ್ಡಿನ ಹೊರಗೆ ಬಗ್ಗಿದ್ದಾಗ ಒಳಗಿನಿಂದ ಯಾರೋ, "ಇನ್ನೊಂದ್ಸಲ ಇವತ್ತು ಯಾವ ಕಡೆ?" ಎಂದದ್ದು ಕೇಳಿಸಿತು. ಇನ್ನೊಬ್ಬ, "ಇನ್ನೊಂದ್ಸಲ ಆಸ್ಪತ್ರೆ ಕಡೆ ಹೋಗಿದೆ," ಎಂದ. ಎಲ್ಲರೂ ನಕ್ಕರು. ಇದೇನು ಹೀಗೆ ಮಾತಾಡುತ್ತಿದ್ದಾರೆ ಎಂದು ಅರ್ಥವಾಗಲು ಅವನಿಗೆ ಒಂದು ಲೇಸು ಕಟ್ಟುವಷ್ಟು ಹೊತ್ತು ಬೇಕಾಯಿತು. ಅದು ಅವನ ಹೆಸರು. ಅವರೆಲ್ಲ ಅವನಿಗೆ ಇಟ್ಟ ಹೆಸರು. ಕೆಲಸ ಮುಗಿದ ಮೇಲೆ "ಇನ್ನೊಂದ್ಸಲ ನೋಡಿಬಿಡ್ತೀನಿ" ಎನ್ನುವ ತನ್ನ ಮಾತು ಹೀಗೆ ಮೈಗೆ ಅಂಟಿಕೊಳ್ಳುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಎರಡನೆಯ ಬೂಟಿನ ಲೇಸನ್ನೂ ಬಿಚ್ಚಿ ಕಟ್ಟಿದ. ಆಮೇಲೆ, ಏನೂ ಕೇಳದವನ ಹಾಗೆ ಕೆಮ್ಮಿಕೊಂಡು ಒಳಗೆ ಹೋದ. ಸೀಟಿ ಎದ್ದು ಜಾಗ ಬಿಟ್ಟುಕೊಟ್ಟ. "ಕೂತ್ಕೊಳ್ಳಿ ಮೇಸ್ತ್ರಿ, ಟೀ ತರ್ತೀನಿ." ಆ ಟೀಯನ್ನು ಮೇಸ್ತ್ರಿ ಕುಡಿಯಲಿಲ್ಲ.

ಮನೆಯಲ್ಲಿ ಹೆಂಡತಿ, ಹತ್ತನೆಯ ಕ್ಲಾಸಿನ ಮಗಳು. ಹೆಂಡತಿ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಿದ್ದಳು, ಬೆರಳಿಗೆ ಯಾವಾಗಲೂ ಗೋಂದಿನ ವಾಸನೆ. ಮಗಳು ಮೊದಲೆಲ್ಲ ಪತ್ರಿಕೆಯ ಪದಬಂಧ ಹಿಡಿದುಕೊಂಡು ಅಪ್ಪನ ಪಕ್ಕ ಕೂತು, "ಅಪ್ಪಾ, ಮೂರಕ್ಷರ, ಕಣ್ಣು, ಉಲ್ಟಾ ಓದಿದ್ರೂ ಅದೇ," ಎಂದು ಜೀವ ತಿನ್ನುತ್ತಿದ್ದಳು. ಈಗ ತನ್ನ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ದಿನಕ್ಕೆ ನಾಲ್ಕು ಸಲ ಅವಳಿಗೆ ಫೋನ್ ಮಾಡುತ್ತಿದ್ದ: ಸ್ಕೂಲು ಮುಟ್ಟಿದೆಯಾ, ರಸ್ತೆ ದಾಟುವಾಗ ಎರಡೂ ಕಡೆ ನೋಡಿದೆಯಾ. ಒಂದು ದಿನ ಅವಳ ಗೆಳತಿ ಫೋನ್ ಎತ್ತಿ, ದನಿ ಬದಲಾಯಿಸಿ, "ಇನ್ನೂ ಬದುಕಿದಾಳೆ ಅಂಕಲ್," ಎಂದಳು. ಹಿಂದಿನಿಂದ ಇಡೀ ಗುಂಪೇ ನಕ್ಕದ್ದು ಕೇಳಿಸಿತು. ಅವತ್ತಿನಿಂದ ಮಗಳ ಫೋನು ಹಗಲೆಲ್ಲ ಆಫ್. ಆಫ್ ಆಗಿದ್ದಕ್ಕೆ ಅವನು ಸ್ಕೂಲಿನ ಆಫೀಸಿಗೇ ಮಾಡಿದ. ಸಂಜೆ ಅವಳು ತಟ್ಟೆ ಎತ್ತಿಕೊಂಡು ರೂಮಿಗೆ ಹೋದಳು. ಅಡುಗೆಮನೆಯಲ್ಲಿ ತಾಯಿ ಮಗಳು ಪಿಸುಗುಟ್ಟುತ್ತಿದ್ದರು, ಅವನು ನೀರು ಕುಡಿಯಲೆಂದು ಹೋದರೆ ಸಾರು, ಸೊಪ್ಪು ಎಂದು ಮಾತು ತಿರುಗಿಸಿದರು. ಅಷ್ಟೊಂದು ಗುಟ್ಟಾಗಿ ಮಾತಾಡಬೇಕಾದ ಸೊಪ್ಪು ಯಾವುದು?

ಭಾನುವಾರ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಾಗ ಮೇಜಿನ ಮೇಲೆ ಅವಳ ಫೋನು ಬೆಳಗಿತು. ಅವನು ಬೇರೆಯವರ ಫೋನು ಮುಟ್ಟುವವನಲ್ಲ. ಮುಟ್ಟಲಿಲ್ಲ, ಬಗ್ಗಿ ನೋಡಿದ ಅಷ್ಟೇ. 'ಸೀಟಿ ಅಣ್ಣ.' ಆಮೇಲೆ ಮುಟ್ಟಿದ. ಒಂದೇ ವಾರದಲ್ಲಿ ಐದು ಕರೆ. ಒಂದು ಹದಿನೆಂಟು ನಿಮಿಷ. ತನ್ನ ಜೊತೆ ಅವಳು ಹದಿನೆಂಟು ನಿಮಿಷ ಒಟ್ಟಿಗೆ ಮಾತಾಡಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಲು ಹೋಗಿ ಕೈಬಿಟ್ಟ. ಬೇರೆ ಗಂಡಸರು ಇಂಥ ಹೊತ್ತಿನಲ್ಲಿ ಏನು ಯೋಚಿಸುತ್ತಾರೋ ಅದನ್ನೇ ಅವನೂ ಯೋಚಿಸಿದ. ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಯೋಚನೆ ಬಿಡಲಿಲ್ಲ. ಹೆಂಡತಿ ಖಾಲಿ ಬಕೆಟ್ಟು ಹಿಡಿದು ಒಳಗೆ ಬಂದಳು. "ಯಾರ್ದಾದ್ರೂ ಫೋನ್ ಬಂತೇನ್ರಿ?"

"ಇಲ್ಲ."

"ರಿಂಗಾದ ಹಾಗಿತ್ತು."

"ನಿನಗೂ ಇಲ್ಲದ ಸದ್ದೆಲ್ಲ ಕೇಳೋಕೆ ಶುರುವಾಯ್ತಾ?" ಎಂದ. ಅವಳು ಅವನನ್ನೇ ಒಂದು ಗಳಿಗೆ ನೋಡಿ, ಬಕೆಟ್ಟನ್ನು ಸದ್ದಾಗದ ಹಾಗೆ ಕೆಳಗಿಟ್ಟಳು. 'ನಿನಗೂ' ಎಂದದ್ದು ಅವನಿಗೆ ಆಮೇಲೆ ಹೊಳೆಯಿತು.

ಸೀಟಿಯನ್ನು ಕೈಯಾರೆ ಹಿಡಿಯಬೇಕು, ಅಷ್ಟೇ. ಲಿಫ್ಟು ನಿಂತಿತೆಂದು ಕಂಪನಿಗೆ ಫೋನ್ ಹೋದರೆ ಅವನು ಬಂದೇ ಬರುತ್ತಾನೆ. ಮಂಗಳವಾರ ಬೆಳಿಗ್ಗೆ ಎಂಟು ಮಹಡಿಯ ಕಟ್ಟಡಕ್ಕೆ ಹೋದ. ಒಳಗೆ ಹತ್ತಿ ಒಂದು ಸುತ್ತು ಮೇಲೆ ಕೆಳಗೆ ಓಡಾಡಿದ. ಕರಕರ ಎಂದಿಗಿಂತ ಜೋರಾಗಿತ್ತು. ಕೆಳಗಿಳಿದು ವಾಚ್‌ಮನ್‌ಗೆ, "ಲಿಫ್ಟ್ ಬಂದ್. ಯಾರನ್ನೂ ಹತ್ತಿಸಬೇಡ," ಎಂದು ಹೇಳಿ ಬಾಗಿಲಿಗೆ 'ಕೆಟ್ಟಿದೆ' ಎಂಬ ಬೋರ್ಡು ಸಿಕ್ಕಿಸಿದ. "ಎಷ್ಟು ಹೊತ್ತಿಗೆ ಸರಿಹೋಗತ್ತೆ?" ಎಂದು ವಾಚ್‌ಮನ್ ಕೇಳಿದ. "ನೋಡಬೇಕು. ನಾನು ಮೇಲಿದೀನಿ ಅಂತ ಯಾರಿಗೂ ಹೇಳ್ಬೇಡ." ಮೆಟ್ಟಿಲು ಹತ್ತಿ ಮೇಲಿನ ಮೆಷಿನ್ ರೂಮಿಗೆ ಹೋಗಿ ಮೇನ್ ಸ್ವಿಚ್ ಇಳಿಸಿದ. ಮೋಟಾರಿನ ಹಿಂದೆ, ಗೋಡೆಗೆ ಬೆನ್ನು ಕೊಟ್ಟು, ಎಣ್ಣೆ ಡಬ್ಬದ ಮೇಲೆ ಕೂತ. ಸಣ್ಣ ಕಿಟಕಿಯಿಂದ ಬಿಸಿಲಿನ ಒಂದು ಚೂರು ನೆಲದ ಮೇಲೆ ಬಿದ್ದು ನಿಧಾನಕ್ಕೆ ಅವನ ಬೂಟಿನ ಕಡೆ ಸರಿಯಿತು. ಲಿಫ್ಟು ನಿಂತಿದ್ದರೂ ಸದ್ದು ನಿಂತಿರಲಿಲ್ಲ. ಇದು ವಿಚಿತ್ರ ಎಂದು ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅಷ್ಟರಲ್ಲಿ ಬೇರೆ ಸದ್ದಿಗೆ ಕಿವಿ ನೆಟ್ಟಿತ್ತು: ಮೆಟ್ಟಿಲ ಮೇಲೆ ಹತ್ತಿ ಬರುತ್ತಿರುವ ಸೀಟಿ.

ಸೀಟಿ ಬಾಗಿಲು ತೆಗೆದು, ಯಾರೂ ಇಲ್ಲವೆಂದುಕೊಂಡು ನೇರ ಬ್ರೇಕಿನ ಹತ್ತಿರ ಕೂತು ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದ. ಮೇಸ್ತ್ರಿ ಎದ್ದುನಿಂತ. "ಎಷ್ಟು ದಿನದಿಂದ?"

ಸೀಟಿಯ ಕೈಯಿಂದ ಸೀಮೆಸುಣ್ಣ ಬಿದ್ದು ಎರಡಾಯಿತು. "ಅಯ್ಯೋ ಮೇಸ್ತ್ರಿ! ಎದೆ ಒಡೆದೋಯ್ತು ನಂಗೆ."

"ಎಷ್ಟು ದಿನದಿಂದ ನನ್ನ ಹಿಂದೆ ಬಿದ್ದಿದೀಯ ಅಂತ ಕೇಳಿದೆ. ನಾನು ಕಲಿಸಿದ ಕೆಲಸಕ್ಕೆ ನೀನು ಗುರುತು ಹಾಕ್ತೀಯ? ಯಾರಿಗೆ ತೋರಿಸೋಕೆ? ಮನೆಗೂ ಫೋನ್ ಮಾಡ್ತೀಯ. ಹದಿನೆಂಟು ನಿಮಿಷ!"

"ಅಕ್ಕನೇ ಮಾಡಿದ್ದು ಮೊದಲು," ಎಂದ ಸೀಟಿ. ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ಮೇಲೆ ನೋಡಿದ. "ನೀವು ನಿದ್ದೆ ಮಾಡ್ತಿಲ್ಲ, ಊಟ ಸೇರ್ತಿಲ್ಲ, ಕೆಲಸದಲ್ಲೇನಾದ್ರೂ ಎಡವಟ್ಟಾಯ್ತಾ ಅಂತ ಕೇಳಿದ್ರು. ಏನೂ ಆಗಿಲ್ಲ ಅಕ್ಕ, ಅದೇ ತೊಂದ್ರೆ ಅಂದೆ. ನೀವು ಕೆಲಸ ಮುಗಿಸಿ ಹೋಗ್ತೀರ, ನಾನು ಹಿಂದೇನೇ ಬಂದು ನೋಡ್ತೀನಿ. ಮೂರು ತಿಂಗಳ ಮೇಲಾಯ್ತು. ಎಲ್ಲ ನಟ್ಟೂ ಮುಟ್ಟಿ ನೋಡ್ತೀನಿ ಮೇಸ್ತ್ರಿ. ಒಂದು ದಿನಾನೂ ಒಂದು ನಟ್ಟೂ ಸಡಿಲ ಇರಲಿಲ್ಲ. ಒಂದು ದಿನಾನೂ."

"ಕಂಪನಿ ಯಜಮಾನರಿಗೆ?"

"ಗೊತ್ತು. ಅವರೇ ಕಳಿಸೋದು. ನಿಮಗೆ ಹೇಳಬೇಡ, ನೊಂದ್ಕೋತಾರೆ ಅಂದ್ರು."

ಹಾಗಾದರೆ ಅವನ ಅನುಮಾನ ನಿಜ. ಎಲ್ಲರೂ ಸೇರಿಕೊಂಡಿದ್ದರು, ಎಲ್ಲರೂ ಮುಚ್ಚಿಟ್ಟಿದ್ದರು, ಶೆಡ್ಡಿನಲ್ಲಿ ನಿಂತ ಮಾತು, ಅಡುಗೆಮನೆಯ ಸೊಪ್ಪು, ಎಲ್ಲವೂ ಅವನು ಎಣಿಸಿದಂತೆಯೇ ಇತ್ತು. ತಾನು ಗೆದ್ದೆನೆಂದು ಅವನಿಗೆ ಅನ್ನಿಸಬೇಕಿತ್ತು. ಬದಲಿಗೆ, ಸಂತೆಯ ನಡುವೆ ಅಂಗಿ ಹರಿದದ್ದು ಬೇರೆಯವರಿಗೆಲ್ಲ ಕಂಡು ತನಗೊಬ್ಬನಿಗೆ ಕಾಣದೆ ಇಷ್ಟು ಹೊತ್ತು ಓಡಾಡಿದವನ ಹಾಗೆ ಬೆನ್ನು ತಣ್ಣಗಾಯಿತು. ಆಗ ಮೆಟ್ಟಿಲ ಕಡೆಯಿಂದ ವಾಚ್‌ಮನ್ ಕೂಗಿದ್ದು ಕೇಳಿಸಿತು. "ಮೇಸ್ತ್ರಿ! ಬೇಗ ಬನ್ನಿ! ಟೀಚರಮ್ಮ ಬಿದ್ದುಬಿಟ್ಟಿದಾರೆ!"

ಸಂಗೀತದ ಟೀಚರು ಐದನೆಯ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಬಿದ್ದಿರಲಿಲ್ಲ, ಕುಸಿದಿದ್ದರು. ಬೆಳಿಗ್ಗೆ ಔಷಧಿ ಅಂಗಡಿಗೆ ಹೋಗಿದ್ದವರು ಹಿಂದಿರುಗಿ, ಬೋರ್ಡು ನೋಡಿ, ಅರ್ಧ ಗಂಟೆ ಕೆಳಗೆ ಕಾದು, ಆಮೇಲೆ ನಿಧಾನವಾಗಿ ಹತ್ತಿದರಾಯಿತು ಎಂದು ಹೊರಟಿದ್ದರಂತೆ. ತುಟಿ ನೀಲಿಗಟ್ಟಿತ್ತು. ಪಂಪು ಕೈಯಲ್ಲೇ ಇತ್ತು, ಒತ್ತಿದರೆ ಬರೀ ಗಾಳಿ. ಹೊಸದು ಚೀಲದಲ್ಲಿದೆ ಎಂದು ಕಣ್ಣಲ್ಲೇ ತೋರಿಸಿದರು. ಸೀಟಿ ಪೊಟ್ಟಣ ಹರಿದು ಕೊಟ್ಟ. ಎರಡು ಸಲ ಎಳೆದರೂ ಎದೆಯೊಳಗಿನ ಕೊಳಲಿನಂಥ ಸದ್ದು ನಿಲ್ಲಲಿಲ್ಲ. "ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು," ಎಂದ ಸೀಟಿ. "ಹೊತ್ಕೊಂಡು ಇಳಿಸೋದು ಕಷ್ಟ, ಅಲುಗಾಡಿದ್ರೆ ಉಸಿರು ಕಟ್ಟತ್ತೆ. ಮೇಸ್ತ್ರಿ, ಸ್ವಿಚ್ ಹಾಕಿ."

ಮೇಸ್ತ್ರಿ ನಿಂತಲ್ಲೇ ನಿಂತ. ಆ ಲಿಫ್ಟಿನಲ್ಲಿ ಏನೋ ಇದೆ. ಸೀಟಿಯನ್ನು ಹಿಡಿಯುವುದಕ್ಕಷ್ಟೇ ಅಲ್ಲ, ಅದಕ್ಕೂ ನಿಲ್ಲಿಸಿದ್ದ. ನಿಲ್ಲಿಸಿದ್ದರಿಂದಲೇ ಈ ಹೆಂಗಸು ಇಲ್ಲಿ ಹೀಗೆ ಕೂತಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಬರುತ್ತದೆ ಬರುತ್ತದೆ ಎಂದು ಕಾದ ಅನಾಹುತ ಬಂದಾಗ ಹಗ್ಗ ಕಡಿದುಕೊಂಡು ಬರಲಿಲ್ಲ, ಅವನು ಬರೆದು ಸಿಕ್ಕಿಸಿದ ಬೋರ್ಡು ಹಿಡಿದುಕೊಂಡು ಬಂತು. "ಮೇಸ್ತ್ರಿ," ಎಂದ ಸೀಟಿ ಮತ್ತೆ, ಈ ಸಲ ಮೆಲ್ಲಗೆ. ಅವನು ಓಡಿದ. ಮೇಲೆ ಹೋಗಿ ಸ್ವಿಚ್ಚಿನ ಹಿಡಿಕೆಗೆ ಕೈಯಿಟ್ಟಾಗ, ಇನ್ನೊಂದು ಸಲ ಬ್ರೇಕು ನೋಡಿಬಿಡೋಣ, ಒಂದೇ ಸಲ, ಅರ್ಧ ನಿಮಿಷದ ಕೆಲಸ, ಎಂದು ತಲೆಯೊಳಗಿನದು ಅಂಗಲಾಚಿತು. ಕಣ್ಣು ಮುಚ್ಚಿ ಹಿಡಿಕೆಯನ್ನು ಮೇಲಕ್ಕೆ ತಳ್ಳಿದ. ಮೋಟಾರು ಗುಂಯ್ ಎಂದಿತು.

ಇಳಿಯುವಾಗ ಟೀಚರು ವಾಚ್‌ಮನ್‌ನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಸೀಟಿ ಒಂದು ಕಡೆ, ಅವನು ಒಂದು ಕಡೆ. ನಾಲ್ಕು. ಕರಕರ ಶುರುವಾಯಿತು. ಮೂರು. "ಕೇಳ್ತಾ ಇದೆಯಾ?" ಎಂದು ಸೀಟಿಯನ್ನು ಕೇಳಿದ. ಸೀಟಿ ತಲೆಯಾಡಿಸಿದ, ಇಲ್ಲ. ಸುಳ್ಳು ಹೇಳುತ್ತಿದ್ದಾನೆಯೇ? ಆಗ ಟೀಚರು ಅವನ ಮಣಿಕಟ್ಟು ಹಿಡಿದರು. ತಣ್ಣಗಿನ, ಗಟ್ಟಿ ಬೆರಳು. ಉಸಿರಿಗೊಂದರಂತೆ ಮಾತು ಆಡಿದರು. "ನಂಗೆ ಕೇಳತ್ತೆ."

"ಕೇಳತ್ತಾ? ಕರಕರ ಅಂತ?"

"ಅವತ್ತೂ ಕೇಳ್ತು." ಇನ್ನೊಂದು ಉಸಿರು. "ಹಲ್ಲು. ನೀವು ಹಲ್ಲು ಕಡೀತಿದೀರ."

ಎರಡು. ಒಂದು. ಅವನು ದವಡೆಯನ್ನು ಸಡಿಲ ಬಿಟ್ಟ. ಬಿಡಲು ನೋವಾಯಿತು, ಎಷ್ಟೋ ದಿನದಿಂದ ಬಿಗಿದಿಟ್ಟದ್ದನ್ನು ಬಿಚ್ಚಿದಾಗ ಆಗುವ ನೋವು. ಲಿಫ್ಟಿನೊಳಗೆ ಮೋಟಾರಿನ ಗುಂಯ್ ಮತ್ತು ಆ ಹೆಂಗಸಿನ ಎದೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಬಾಗಿಲು ತೆರೆಯಿತು.

ಟೀಚರು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಮೇಸ್ತ್ರಿ ಎರಡನೆಯ ದಿನ ನೋಡಲು ಹೋಗಿ, ಲಿಫ್ಟು ಕೆಟ್ಟಿರಲಿಲ್ಲ, ತಾನೇ ನಿಲ್ಲಿಸಿದ್ದು ಎಂದು ಹೇಳಿದ. "ನಂಗೆ ಕೋಪ ಬಂದಿದೆ," ಎಂದರು ಟೀಚರು. "ಹೋಗಲಿ ಬಿಡಿ ಅಂತ ಹೇಳೋ ಶಕ್ತಿ ಇವತ್ತು ನಂಗಿಲ್ಲ. ಆದ್ರೆ ನೀವು ಯಾರಿಗಾದ್ರೂ ತೋರಿಸ್ಕೊಳ್ಳಿ." ಬೈಗುಳ ಬಿದ್ದದ್ದಕ್ಕೆ ಅವನಿಗೆ ಅಚ್ಚರಿಯಾಗುವಷ್ಟು ಹಗುರವೆನಿಸಿತು. ಮನೆಗೆ ಬಂದು ಹೆಂಡತಿಯ ಎದುರು ಕೂತ. "ಸೀಟಿ ಎಲ್ಲ ಹೇಳ್ದ," ಎಂದ. ಅವಳು ಸೂಜಿ ಕೆಳಗಿಟ್ಟಳು. "ನಿಮ್ಮನ್ನೇ ಕೇಳ್ತಿದ್ದೆ ಕಣ್ರಿ. ಎಷ್ಟು ಸಲ ಕೇಳಿದೀನಿ, ಏನಾಯ್ತು ಅಂತ. ಏನಿಲ್ಲ ಅಂತೀರ, ಎದ್ದು ಹೋಗಿ ಗ್ಯಾಸ್ ನೋಡ್ತೀರ." ತಾನು ಅವಳ ಬಗ್ಗೆ ಏನು ಯೋಚಿಸಿದ್ದೆ ಎಂದು ಅವನು ಹೇಳಲಿಲ್ಲ. ಅದೊಂದನ್ನು ಎಂದೂ ಹೇಳಲಾರ ಎಂದು ಅವನಿಗೆ ಆಗಲೇ ಗೊತ್ತಿತ್ತು.

ಡಾಕ್ಟರು ಅವನಿಗಿಂತ ಚಿಕ್ಕವರು, ಕೂದಲು ಕತ್ತರಿಸಿಕೊಂಡ ಹೆಂಗಸು. ಹೆಂಡತಿ ಹೊರಗೆ ಕೂತಿದ್ದಳು. ರೂಮಿಗೆ ಎರಡು ಬಾಗಿಲು ಯಾಕೆ, ಅವರು ಬರೆದುಕೊಳ್ಳುತ್ತಿರುವುದನ್ನು ಯಾರಿಗೆ ಕೊಡುತ್ತಾರೆ, ಕಣ್ಣೊರೆಸುವ ಕಾಗದದ ಡಬ್ಬವನ್ನು ತನ್ನ ಕಡೆಗೇ ಯಾಕೆ ಇಟ್ಟಿದ್ದಾರೆ ಎಂದೆಲ್ಲ ನೋಡುತ್ತ ಅವನು ಮೊದಲ ಕಾಲು ಗಂಟೆ ಕಳೆದ. ಕೊನೆಗೆ ಅವನೇ ಕೇಳಿದ. "ಭಯ ಎಲ್ಲರಿಗೂ ಇರತ್ತಲ್ಲ ಡಾಕ್ಟ್ರೆ. ನನ್ನ ಕೆಲಸಕ್ಕೆ ಬೇಕು ಅದು."

"ಖಂಡಿತ ಬೇಕು. ಭಯ ಇಲ್ಲದೋರು ರಿಪೇರಿ ಮಾಡಿದ ಲಿಫ್ಟು ನಾನಂತೂ ಹತ್ತಲ್ಲ," ಎಂದರು. "ನಟ್ಟು ಬಿಗಿ ಮಾಡಿಸತ್ತಲ್ಲ, ಆ ಭಯ ಒಳ್ಳೇದು. ಬಿಗಿ ಮಾಡಿದ್ಮೇಲೆ ಅದರ ಕೆಲಸ ಮುಗೀತು. ನಿಮ್ದು ಮುಗೀತಿಲ್ಲ. ಎಷ್ಟು ದಿನದಿಂದ?"

"ಏಳೆಂಟು ತಿಂಗಳು."

"ದಿನಾ?"

"ದಿನಾ."

"ತಡೀಬೇಕು ಅಂದ್ರೆ ತಡಿಯಕ್ಕಾಗತ್ತಾ?"

"ಆದ್ರೆ ಅವರೆಲ್ಲ ನನ್ನ ಹಿಂದೆ ಬಿದ್ದಿದ್ದು ನಿಜವಾಯ್ತಲ್ಲ? ನಾನು ಸುಮ್ಮನೆ ಕಲ್ಪಿಸಿಕೊಂಡಿದ್ದಲ್ಲ."

"ನಿಜ. ಹಿಂದೆ ಬರ್ತಿದ್ರು. ಯಾಕೆ ಅಂತ ನೀವು ಅಂದ್ಕೊಂಡಿದ್ರಿ?" ಅವರು ಪೆನ್ನು ಕೆಳಗಿಟ್ಟರು. "ಒಂದು ಕೇಳ್ತೀನಿ. ಈ ಭಯದಿಂದ ನೀವು ಏನೇನು ಬಿಟ್ಟಿದೀರ?"

ಏನೂ ಬಿಟ್ಟಿಲ್ಲ ಎನ್ನಲು ಹೊರಟವನು, "ನಿದ್ದೆ," ಎಂದ. ಆಮೇಲೆ, ಗೆಳೆಯನ ಮಗನ ಮದುವೆಗೆ ಹೋಗಲಿಲ್ಲ, ಮನೆ ಬೀಗ ಹಾಕಿ ಬರಲಾಗದೆ. ಸಿನಿಮಾ ಬಿಟ್ಟೆ. ಶೆಡ್ಡಿನಲ್ಲಿ ಟೀ. ಹೆಂಡತಿ ಜೊತೆ ವಾಕಿಂಗು. ಮಗಳ ಪದಬಂಧ, ಎಂದ. ಅವಳೇ ಬಿಟ್ಟಳು, ಅಲ್ಲ, ಅವಳು ಕೇಳುತ್ತಿದ್ದಾಗ ನಾನು ಬಾಗಿಲ ಕಡೆ ನೋಡುತ್ತಿದ್ದೆ, ಅದಕ್ಕೆ ಬಿಟ್ಟಳು. ಪಟ್ಟಿ ಮುಗಿಯುವ ಹಾಗೆ ಕಾಣಲಿಲ್ಲ. ಕಾಗದದ ಡಬ್ಬ ತನ್ನ ಕಡೆಗೇ ಯಾಕಿದೆ ಎಂದು ಅವನಿಗೆ ಗೊತ್ತಾಯಿತು. ಡಾಕ್ಟರು ಅವಸರ ಮಾಡದೆ ಕಾದು, "ಹೀಗೆ ಬದುಕನ್ನೆಲ್ಲ ಬಿಡಿಸ್ತಾ ಬರತ್ತಲ್ಲ, ಅದನ್ನ ನಾವು ಕಾಯಿಲೆ ಅಂತೀವಿ. ಆತಂಕದ ಕಾಯಿಲೆ. ಔಷಧಿ ಇದೆ, ಅಭ್ಯಾಸ ಇದೆ. ಅಭ್ಯಾಸ ಔಷಧಿಗಿಂತ ಕಹಿ," ಎಂದರು.

ಕಹಿಯೇ ಇತ್ತು. ಒಂದು ಸಲ ನೋಡುವುದು, ಸರ್ವೀಸ್ ಕಾರ್ಡಿಗೆ ಸಹಿ ಹಾಕುವುದು, ಹಿಂದಿರುಗದೆ ಹೊರಡುವುದು. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ ಎಂದು ಬಿಡುವುದು. ಮೊದಲ ಹದಿನೈದು ದಿನ ಯಜಮಾನರು ಅವನಿಗೆ ಶೆಡ್ಡಿನಲ್ಲೇ ಕೆಲಸ ಕೊಟ್ಟರು. ಮಾತ್ರೆಯಿಂದ ಬಾಯಿ ಒಣಗಿತು, ಹೊಟ್ಟೆ ತೊಳಸಿತು. ಇದರಲ್ಲಿ ಏನು ಬೆರೆಸಿದ್ದಾರೋ ಎಂದು ಎರಡು ದಿನ ನುಂಗಲೂ ಇಲ್ಲ, ಮೂರನೆಯ ದಿನ ಡಾಕ್ಟರಿಗೆ ಅದನ್ನೂ ಹೇಳಿದ. ಮೊದಲ ಸಲ ಒಬ್ಬನೇ ಕಟ್ಟಡಕ್ಕೆ ಹೋದ ದಿನ ಅರ್ಧ ದಾರಿಯಿಂದ ವಾಪಸು ಬಂದ. ಎರಡನೆಯ ಸಲವೂ. ಶೆಡ್ಡಿನಲ್ಲಿ ಒಬ್ಬ ಬಾಯಿ ತಪ್ಪಿ ಅವನ ಎದುರೇ "ಇನ್ನೊಂದ್ಸಲ" ಎಂದು ಕರೆದು ನಾಲಗೆ ಕಚ್ಚಿಕೊಂಡಾಗ, "ಹೂಂ, ಹೇಳಪ್ಪ," ಎಂದು ಓಗೊಟ್ಟ. ಯಾರೂ ನಗಲಿಲ್ಲ, ಅವನೇ ನಗಬೇಕಾಯಿತು.

ಅದಾಗಿ ಎರಡು ತಿಂಗಳ ಮೇಲೆ ಒಂದು ಗುರುವಾರ, ಒಂದು ಕಚೇರಿಯ ಲಿಫ್ಟಿನ ಕೆಲಸ ಮುಗಿಸಿ, ಬ್ಯಾಗಿನಲ್ಲಿ ಎಲ್ಲ ಸಾಮಾನೂ ತುಂಬಿಕೊಂಡು ಬಸ್ ಸ್ಟಾಪಿಗೆ ಬಂದು ನಿಂತ. ಎದೆ ಹೊಡೆದುಕೊಳ್ಳುತ್ತಿತ್ತು. ಸ್ಟಾಪಿನ ಬೆಂಚಿನ ಮೇಲೆ ಇಬ್ಬರು ಹೆಂಗಸರು, ಅಕ್ಕ ತಂಗಿಯರಿರಬೇಕು, ಪರದೆ ಬಟ್ಟೆಯ ಎರಡು ತುಂಡು ಹಿಡಿದುಕೊಂಡು ಜಗಳ ಆಡುತ್ತಿದ್ದರು. ಒಬ್ಬಳಿಗೆ ಹಸಿರು, ಒಬ್ಬಳಿಗೆ ಕಂದು. ಕಂದು ಕೊಳೆ ಕಾಣಲ್ಲ ಎಂದು ಒಬ್ಬಳು. ಕೊಳೆ ಕಾಣದಿದ್ರೆ ನೀನು ಒಗೆಯೋದೇ ಇಲ್ಲ ಎಂದು ಇನ್ನೊಬ್ಬಳು. ಅಮ್ಮನ ಮನೆ ಸೋಫಾ ಹಾಳು ಮಾಡಿದ್ದು ಯಾರು ಎಂಬಲ್ಲಿಗೆ ಮಾತು ಹೋಯಿತು. ಅವನು ಕೇಳುತ್ತ ನಿಂತ. ಬಸ್ಸು ದೂರದಲ್ಲಿ ಕಂಡಾಗ ಗಡಿಯಾರ ನೋಡಿದ. ಹದಿನೈದು ನಿಮಿಷ ಕಳೆದಿತ್ತು, ಆ ಹದಿನೈದು ನಿಮಿಷದಲ್ಲಿ ಬ್ರೇಕು ಒಮ್ಮೆಯೂ ನೆನಪಾಗಿರಲಿಲ್ಲ. ಗಾಬರಿಯಾಯಿತು. ಇಷ್ಟು ಸಲೀಸಾಗಿ ಹೋಗುವಂಥದ್ದೇ ಅದು? ಎಲ್ಲೋ ಅಡಗಿ ಕೂತಿರಬೇಕು. "ರೀ, ಇವರೇ," ಎಂದು ಅಕ್ಕ ಅವನ ಕಡೆ ತಿರುಗಿದಳು. "ನೀವೇ ಒಂದು ಮಾತು ಹೇಳಿ. ಇದಾ, ಅದಾ?"

ಅವನು ಎರಡೂ ತುಂಡನ್ನು ನೋಡಿದ. "ಹಸಿರು," ಎಂದ.

ಬಸ್ಸು ಹೊರಟು ಮೂರು ಸ್ಟಾಪು ದಾಟಿದ ಮೇಲೆ, ಕಂದೇ ವಾಸಿಯಿತ್ತೇನೋ, ಆ ಹೆಂಗಸಿನ ಮನೆಯ ಗೋಡೆಯ ಬಣ್ಣ ಯಾವುದೆಂದು ಕೇಳಬೇಕಿತ್ತು ಎಂಬ ಅನುಮಾನ ತಲೆಯೆತ್ತಿತು. ಅವನು ಕಿಟಕಿಯಿಂದ ಹೊರಗೆ ನೋಡುತ್ತ ಕೂತೇ ಇದ್ದ.